ಹಗಲು ಮಲಗಲು ಒಂದು ರೂಮು

ಕರೆಂಟು ಹೋದರೆ ಆ ಬೀದಿಯಲ್ಲಿ ಎಲ್ಲರ ಬಾಯಿಂದಲೂ ಶಾಪ ಬರುತ್ತಿತ್ತು, ಸ್ನೇಹಳ ಬಾಯಿಂದ ಮಾತ್ರ ಗೊರಕೆ. ದೊಡ್ಡಬಳ್ಳಾಪುರದ ನೇಕಾರರ ಬೀದಿ ಅದು. ಮನೆಗೆ ಮೂರೋ ನಾಲ್ಕೋ ಪವರ್‌ಲೂಮ್ ಮಗ್ಗ. ಬೆಳಿಗ್ಗೆ ಕಾಫಿ ಆರುವುದರೊಳಗೆ ಖಡಖಡ ಶುರುವಾದರೆ ದೀಪ ಹಚ್ಚುವವರೆಗೂ ನಿಲ್ಲುವ ಮಾತೇ ಇಲ್ಲ. ಗೋಡೆ ನಡುಗುತ್ತದೆ, ಗೋಡೆಯ ಮೇಲಿನ ದೇವರ ಪಟ ನಡುಗುತ್ತದೆ, ಗೋಡೆಯಾಚೆ ಚಾಪೆಯ ಮೇಲೆ ಮಗ್ಗುಲು ಬದಲಿಸುತ್ತಿರುವ ಸ್ನೇಹಳ ಹಲ್ಲುಗಳೂ ನಡುಗುತ್ತವೆ.

ಸ್ನೇಹ ರಾತ್ರಿ ಪಾಳಿಯ ಹುಡುಗಿ. ವಿಮಾನ ನಿಲ್ದಾಣದ ಪಕ್ಕದ ಗೋದಾಮೊಂದರಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಿ, ಯಾವುದು ಯಾವ ವಿಮಾನಕ್ಕೆ ಎಂದು ಬೇರ್ಪಡಿಸುವ ಕೆಲಸ. ಕಂಪನಿಯ ವ್ಯಾನು ಸಂಜೆ ಕರೆದೊಯ್ದು ಬೆಳಿಗ್ಗೆ ಬೀದಿಯ ತುದಿಯಲ್ಲಿ ಇಳಿಸುತ್ತದೆ. ಅವಳು ಕೈಕಾಲು ತೊಳೆದು ಚಾಪೆ ಹಾಸುವುದಕ್ಕೂ ಅಪ್ಪ ಕೋದಂಡರಾಮಯ್ಯ ಮಗ್ಗದ ಸ್ವಿಚ್ಚು ಒತ್ತುವುದಕ್ಕೂ ಸರಿಹೋಗುತ್ತದೆ. ಕಿವಿಗೆ ಹತ್ತಿ ಇಟ್ಟು ನೋಡಿದಳು, ತಲೆಯ ಮೇಲೆ ದಿಂಬು ಒತ್ತಿಕೊಂಡು ನೋಡಿದಳು. ಹುಟ್ಟಿದಾಗಿನಿಂದ ಇದೇ ಸದ್ದಿನಲ್ಲಿ ಬೆಳೆದವಳಿಗೆ ಇದೇನು ಹೊಸದಾ ಎಂದು ಅಣ್ಣ ನಂದಕುಮಾರ್ ಹಂಗಿಸುತ್ತಿದ್ದ. ಹೌದಪ್ಪಾ, ಬೆಳೆದದ್ದು ಆ ಸದ್ದಿನಲ್ಲೇ. ಆದರೆ ಮಲಗುತ್ತಿದ್ದದ್ದು ಅದು ನಿಂತ ಮೇಲೆ ತಾನೇ?

ಜೊತೆಯಲ್ಲಿ ಕೆಲಸ ಮಾಡುವ ಬಿಂದುಶ್ರೀಯದು ದಿನಾ ಒಂದೇ ರಾಗ. ಅವಳು ಹೊಸಕೋಟೆ ಕಡೆಯ ಹಳ್ಳಿ ಬಿಟ್ಟು ಸಾದಹಳ್ಳಿ ಗೇಟಿನ ಹತ್ತಿರ ಪಿ.ಜಿ. ಸೇರಿದವಳು.

“ನಮ್ ರೂಮಲ್ಲಿ ಒಂದು ಮಂಚ ಖಾಲಿ ಇದೆ, ಬಂದ್ಬಿಡೇ. ಈ ವಯಸ್ಸಲ್ಲಿ ಊರಲ್ಲಿರೋದು ಅಂದ್ರೆ ಜೈಲು ಕಣೇ. ಆಚೆ ಕಾಲಿಟ್ರೆ ಎಲ್ಲಿಗೆ, ಒಳಗ್ ಬಂದ್ರೆ ಯಾಕ್ ಲೇಟು.”

“ನಿಮ್ಮೂರು ಹಂಗಿರ್ಬೋದು. ನಮ್ಮೂರು ಹಂಗಲ್ಲ,” ಎನ್ನುತ್ತಿದ್ದಳು ಸ್ನೇಹ.

ಅವಳಿಗೆ ಊರೆಂದರೆ ಪ್ರಾಣ. ಬಸ್ ಸ್ಟ್ಯಾಂಡಿನ ಮಸಾಲೆಪುರಿ ಗಾಡಿಯವನು ಕೇಳದೆಯೇ ಖಾರ ಜಾಸ್ತಿ ಹಾಕುತ್ತಾನೆ. ರಜೆಯ ದಿನ ಗೆಳತಿಯರ ಜೊತೆ ಮಾಕಳಿದುರ್ಗ ಹತ್ತಿದರೆ, ಬೆಂಗಳೂರಿನಿಂದ ಹೊಸ ಶೂ ಹಾಕಿಕೊಂಡು ಬಂದವರಿಗೆ ದಾರಿ ತೋರಿಸಿ ಬೀಗುತ್ತಾಳೆ. ಅವಳಿಗೆ ಬೇಕಾಗಿದ್ದು ಬೇರೆ ಊರಲ್ಲ, ಇದೇ ಊರಿನಲ್ಲಿ ಮಗ್ಗವಿಲ್ಲದ ಕಡೆ ಒಂದು ರೂಮು. ಹಗಲು ಅಲ್ಲಿ ಮಲಗೆದ್ದು, ಸಂಜೆ ಮನೆಗೆ ಬಂದು ಅಮ್ಮನ ಕೈಯಡಿಗೆ ಉಂಡು ವ್ಯಾನು ಹತ್ತುವುದು. ಇಷ್ಟೇ. ಇದೇನು ಆಕಾಶ ಕೇಳಿದಂತಾಯಿತೇ?

ಗುವಾಹಟಿಗೆ ಹೋಗಬೇಕಾದ ಗುಲಾಬಿ ಹೂವಿನ ಪೆಟ್ಟಿಗೆಗಳು ಪುಣೆಗೆ ಹೋದ ದಿನ ಮೇಲ್ವಿಚಾರಕ ಮುರಳಿ ಅವಳನ್ನು ಪಕ್ಕಕ್ಕೆ ಕರೆದ. “ನಿಂತ್ಕೊಂಡೇ ನಿದ್ದೆ ಮಾಡ್ತಿದ್ಯಲ್ಲಮ್ಮಾ. ಇನ್ನೊಂದ್ಸಲ ಹಿಂಗಾದ್ರೆ ನನ್ ಕೈಲಿ ಏನೂ ಇಲ್ಲ, ಮನೆಗ್ ಕಳಿಸ್ಬಿಡ್ತಾರೆ.” ಅವಳಿಗೆ ಅಳು ಬಂತು. ಅಳುವುದಕ್ಕಿಂತ ಮುಂಚೆ ಆಕಳಿಕೆ ಬಂತು.

ಅಂದೇ ರೂಮು ಹುಡುಕಲು ಹೊರಟಳು. ಮೊದಲು ಹೋದದ್ದು ಹೊಸ ಬಡಾವಣೆಯ ಅಪ್ಪಯ್ಯಣ್ಣನವರ ಮನೆಗೆ. ಗೇಟಿಗೆ ‘ರೂಮ್ ಬಾಡಿಗೆಗಿದೆ’ ಎಂಬ ಬೋರ್ಡು ನೇತಾಡುತ್ತಿತ್ತು.

“ನೀನು ಕೋದಂಡರಾಮಯ್ಯನ ಮಗಳಲ್ವಾ? ಮನೆ ಇಲ್ಲೇ ಇದ್ಯಲ್ಲಮ್ಮಾ, ಕೂಗಿದ್ರೆ ಕೇಳ್ಸುತ್ತೆ. ರೂಮ್ ಯಾರಿಗೆ?”

“ನಂಗೇ ಅಂಕಲ್. ಹಗಲು ಮಲಗಕ್ಕೆ.”

ಅಪ್ಪಯ್ಯಣ್ಣನವರ ಮುಖ ನೋಡಬೇಕಿತ್ತು. ಹಗಲು ಮಲಗುವುದೆಂದರೆ ಏನೋ ಆಗಬಾರದ್ದು ಎಂಬಂತೆ ಒಳಗಿದ್ದ ಹೆಂಡತಿಯನ್ನು ಕರೆದರು. ಆಕೆ ಬಂದು ಸ್ನೇಹಳ ಕೈ ಹಿಡಿದು, “ಮನೇಲಿ ಏನಾದ್ರೂ ಗಲಾಟೆನಾ? ಅಪ್ಪ ಹೊಡೆದ್ರಾ?” ಎಂದರು. ಏನೂ ಇಲ್ಲ ಆಂಟಿ ಎಂದರೆ, ದನಿ ಇನ್ನೂ ತಗ್ಗಿಸಿ, “ಹುಡುಗ ಯಾರು?” ಎಂದರು. ಕಾಫಿ ಕೊಟ್ಟರು, ಹೂ ಕೊಟ್ಟರು, ಕುಂಕುಮ ಕೊಟ್ಟರು. ರೂಮು ಕೊಡಲಿಲ್ಲ.

ಇನ್ನೂ ಕೆಲವು ಕಡೆ ಇದೇ ಕತೆ. ಒಬ್ಬರು ನಿಮ್ಮಪ್ಪನ ಹತ್ರ ಒಂದ್ಮಾತು ಕೇಳಿ ಹೇಳ್ತೀನಿ ಎಂದರು. ಇನ್ನೊಬ್ಬರು ನಮ್ಮನೆ ನಡುಮನೆಯಲ್ಲೇ ಬಂದು ಮಲಕ್ಕೋ, ನಿನ್ನ ಹತ್ರ ಬಾಡಿಗೆ ಇಸ್ಕೊಳಕ್ಕಾಗುತ್ತಾ ಎಂದರು. ಒಡಿಶಾದ ಹುಡುಗರಿಗೆ, ರಾಯಚೂರಿನ ಹುಡುಗಿಯರಿಗೆ ಕೇಳಿದ ತಕ್ಷಣ ಸಿಗುವ ರೂಮು ಇದೇ ಊರಲ್ಲಿ ಹುಟ್ಟಿದವಳಿಗೆ ಸಿಗುವುದಿಲ್ಲ. ಇದೆಂಥ ನ್ಯಾಯ ಹೇಳಿ.

ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಕೋದಂಡರಾಮಯ್ಯ ಬಾಗಿಲಲ್ಲೇ ನಿಂತಿದ್ದರು.

“ನನ್ ಮಾನ ಹರಾಜಿಗಿಡಕ್ಕೆ ಹೊರಟಿದ್ಯಾ? ಮಗಳನ್ನ ಆಚೆ ಹಾಕವ್ನೆ ಅಂತ ಊರೆಲ್ಲ ಆಡ್ಕೊಳ್ಳಲ್ವಾ?”

“ನಂಗೆ ನಿದ್ದೆ ಬೇಕಪ್ಪಾ. ಕೆಲಸ ಹೋಗುತ್ತೆ. ನಿದ್ದೆ ಕೇಳಿದ್ರೆ ಮಾನ ಯಾಕ್ ಬರುತ್ತೆ ಮಧ್ಯ?”

“ನಿದ್ದೆ ತಾನೇ? ತಗೋ!” ಎಂದವರೇ ಒಳಗೆ ಹೋಗಿ ಒಂದೊಂದೇ ಸ್ವಿಚ್ಚು ಆರಿಸಿದರು. ಅರ್ಧ ನೆಯ್ದ ಸೀರೆಗಳು ಮಗ್ಗದ ಮೇಲೆ ಹಾಗೇ ನಿಂತವು. “ಈಗ ಮಲಕ್ಕೋ, ನೋಡೇಬಿಡ್ತೀನಿ.”

ಸದ್ದು ನಿಂತಿತು ಅಂದುಕೊಂಡಿರಾ? ಎಡಗಡೆ ಮನೆಯಿಂದ ಖಡಖಡ. ಬಲಗಡೆಯಿಂದ ಖಡಖಡ. ಎದುರುಮನೆ, ಹಿಂದಿನ ಓಣಿ, ಎಲ್ಲೆಲ್ಲೂ ಅದೇ. ಕೋದಂಡರಾಮಯ್ಯ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ಕೇಳಿಸಿಕೊಂಡರು. ತಮ್ಮ ಮಗ್ಗದ ಸದ್ದಿನ ನಡುವೆ ಊರಿನ ಸದ್ದು ಇಷ್ಟು ವರ್ಷ ಅವರ ಕಿವಿಗೇ ಬಿದ್ದಿರಲಿಲ್ಲ. ಮುಖ ಸಣ್ಣದಾಯಿತು. ಮತ್ತೆ ಮಗ್ಗ ಶುರು ಮಾಡಿದರು. ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಅಮ್ಮ ಮುನಿರತ್ನಮ್ಮ ತಲೆಯೆತ್ತಲಿಲ್ಲ.

ಆಮೇಲೆ ಸ್ನೇಹ ಮಾಡಿದ ಕೆಲಸ ಕೇಳಿ. ಊರಾಚೆ ಬಾಶೆಟ್ಟಿಹಳ್ಳಿ ಕಡೆ ಅಕ್ಕಯಮ್ಮ ಎಂಬಾಕೆ ತನ್ನ ರಾಗಿ ಹೊಲದಲ್ಲಿ ಸಾಲಾಗಿ ರೂಮು ಕಟ್ಟಿಸಿದ್ದಳು. ಫ್ಯಾಕ್ಟರಿ ಕೆಲಸಕ್ಕೆ ಬಂದವರೇ ಅಲ್ಲಿ ಎಲ್ಲ.

“ಊರೋರಿಗೆ ಕೊಡಲ್ಲಮ್ಮ ನಾನು,” ಎಂದಳು ಅಕ್ಕಯಮ್ಮ. “ಒಬ್ರು ಬಂದ್ರೆ ಹಿಂದೇನೇ ನೆಂಟ್ರೆಲ್ಲ ಬಂದು ನನ್ ತಲೆ ತಿಂತಾರೆ. ನಿಂದ್ಯಾವೂರು?”

“ಹಿರಿಯೂರು,” ಎಂದುಬಿಟ್ಟಳು ಸ್ನೇಹ.

ಹುಟ್ಟಿದ ಊರಿನ ನೆಲದ ಮೇಲೆ ನಿಂತು ಇನ್ನೊಂದು ಊರಿನ ಹೆಸರು ಹೇಳುವಾಗ ಅವಳ ಬಾಯಿ ಕಹಿಯಾಯಿತು. ಹಿರಿಯೂರನ್ನು ಅವಳು ನೋಡಿದ್ದು ಬಸ್ಸಿನ ಕಿಟಕಿಯಲ್ಲಿ, ಅದೂ ಯಾವಾಗಲೋ ಒಮ್ಮೆ. ಆಧಾರ್ ಕೇಳಿದರೆ ಆಮೇಲೆ ತರ್ತೀನಿ ಎಂದಳು. ಅಕ್ಕಯಮ್ಮ ಮುಖ ನೋಡಿ ನಂಬಿ ಕೀಲಿ ಕೊಟ್ಟಳು.

ಆಹಾ, ಆ ನಿದ್ದೆಯನ್ನು ಏನೆಂದು ಹೇಳಲಿ! ಮನೆಯಲ್ಲಿ ಓವರ್‌ಟೈಮ್ ಎಂದು ಹೇಳಿ, ಬೆಳಿಗ್ಗೆ ವ್ಯಾನಿನಿಂದ ಅಲ್ಲೇ ಇಳಿದು, ಬರೀ ನೆಲದ ಮೇಲೆ ಚಾಪೆ ಹಾಸಿದರೆ ಎಚ್ಚರವಾಗುವುದು ಮಧ್ಯಾಹ್ನ ಇಳಿದ ಮೇಲೆ. ಎಲ್ಲೋ ದೂರದಲ್ಲಿ ಒಂದು ಲಾರಿ, ಎಲ್ಲೋ ಒಂದು ಕೋಳಿ, ಅಷ್ಟೇ ಸದ್ದು. ಗೋದಾಮಿನಲ್ಲಿ ಚೀಟಿಗಳು ತಪ್ಪಲಿಲ್ಲ.

“ನೋಡ್ದಾ? ಊರಲ್ಲೇ ಇರ್ಬೋದು,” ಎಂದು ಬಿಂದುಶ್ರೀಯ ಮುಂದೆ ಜಂಬ ಕೊಚ್ಚಿದಳು.

“ಹಿರಿಯೂರಿನವಳಾಗಿ ತಾನೇ?” ಎಂದು ಬಿಂದುಶ್ರೀ ನಕ್ಕಳು. “ಆ ಮಂಚ ಇನ್ನೊಂದು ಸ್ವಲ್ಪ ದಿನ ಹಿಡಿದಿಟ್ಟಿರ್ತೀನಿ ಬಿಡು.”

ಒಂದು ವಾರವೂ ಆಗಿರಲಿಲ್ಲ, ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ಅರೆನಿದ್ದೆಯಲ್ಲೇ ಚಿಲಕ ತೆಗೆದರೆ ಅಮ್ಮ! ಮುನಿರತ್ನಮ್ಮ ಮನೆಯಲ್ಲಿ ನೆಯ್ದ ಸೀರೆಗಳನ್ನು ಗಂಟು ಕಟ್ಟಿಕೊಂಡು ಗೊತ್ತಿರುವವರ ಮನೆಗಳಿಗೆ ಒಯ್ದು ಮಾರುತ್ತಿದ್ದಳು. ಅಕ್ಕಯಮ್ಮನೂ ಗಿರಾಕಿ ಎಂಬುದು ಸ್ನೇಹಳಿಗೆ ಹೇಗೆ ಗೊತ್ತಾಗಬೇಕು?

“ಆಚೆ ಚಪ್ಪಲಿ ನೋಡ್ದೆ,” ಎಂದಳು ಮುನಿರತ್ನಮ್ಮ. ಕಿತ್ತುಹೋಗಿದ್ದ ಅದರ ಪಟ್ಟಿಯನ್ನು ಮಗ್ಗದ ಹಸಿರು ನೂಲಿನಲ್ಲಿ ಹೊಲಿದು ಕೊಟ್ಟವಳು ಅವಳೇ.

ಸ್ನೇಹ ಬೈಗುಳಕ್ಕೆ ತಯಾರಾಗಿ ನಿಂತಳು. ಬೈಗುಳ ಬರಲಿಲ್ಲ. ಮುನಿರತ್ನಮ್ಮ ಒಳಗೆ ಬಂದು, ಸುತ್ತ ನೋಡಿ, ಚಾಪೆಯ ಮೇಲೆ ಕೂತಳು. “ಏನೇ ಇದು, ಕಿವಿ ಮುಚ್ಚಿಹೋದಂಗೈತೆ,” ಎಂದಳು. ಆಮೇಲೆ, “ಒಂದ್ನಿಮಿಷ ಸೊಂಟ ಚಾಚ್ತೀನಿ ತಾಳು,” ಎಂದು ಮಗಳ ದಿಂಬಿಗೆ ತಲೆ ಕೊಟ್ಟಳು. ಕೊಟ್ಟದ್ದೇ ತಡ, ನಿದ್ದೆ. ಬಾಯಿ ತೆರೆದುಕೊಂಡು, ಕೈಯೊಂದು ಆ ಕಡೆ, ಕೈಯೊಂದು ಈ ಕಡೆ.

ಸ್ನೇಹ ಗೋಡೆಗೆ ಒರಗಿ ಕೂತಳು. ಮೊದಲು ಅಯ್ಯೋ ಪಾಪ ಅನ್ನಿಸಿತು. ಅಮ್ಮ ಹೀಗೆ ಮಲಗಿದ್ದನ್ನು ಅವಳು ಕಂಡೇ ಇರಲಿಲ್ಲ. ಹೊತ್ತು ಹೋದಂತೆ ಕಣ್ಣು ಉರಿಯತೊಡಗಿತು, ಹೊಟ್ಟೆಯೂ ಉರಿಯಿತು. ಇಡೀ ಊರಿನಲ್ಲಿ ಒಂದು ಚಾಪೆಯಷ್ಟು ಜಾಗ ನನ್ನದು ಅಂತಿತ್ತಲ್ಲ, ಅದೂ ಹೋಯಿತಾ? ಎಬ್ಬಿಸಲು ಕೈ ಹೋಗಲಿಲ್ಲ. ಹೆತ್ತ ತಾಯಿಯ ನಿದ್ದೆಗೆ ಹೊಟ್ಟೆಕಿಚ್ಚು ಪಡುತ್ತೀನಲ್ಲ ಎಂದು ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

“ಮುನಿರತ್ನಮ್ಮೋ, ಸೀರೆ ಗಂಟು ನನ್ ಜಗಲಿ ಮೇಲೆ ಬಿಟ್ಟು ಎಲ್ಲೋದ್ಯೇ?” ಎಂದು ಕೂಗುತ್ತಾ ಅಕ್ಕಯಮ್ಮ ಬಾಗಿಲಿಗೆ ಬಂದಳು. ಮಲಗಿದ್ದವಳನ್ನು ನೋಡಿದಳು, ಕೂತಿದ್ದವಳನ್ನು ನೋಡಿದಳು. ಇಬ್ಬರ ಮೂಗೂ ಒಂದೇ ಅಚ್ಚು.

“ಹಿರಿಯೂರು?” ಎಂದಳು.

ಸ್ನೇಹ ತಲೆ ತಗ್ಗಿಸಿದಳು. ಮುನಿರತ್ನಮ್ಮ ದಡಬಡಿಸಿ ಎದ್ದು ಸೆರಗು ಸರಿಮಾಡಿಕೊಂಡಳು.

“ಬೈಯಲ್ಲ ಕಣವ್ವ ನಿನ್ನ,” ಎಂದಳು ಅಕ್ಕಯಮ್ಮ. “ಇವತ್ತು ಅಮ್ಮ ಬಂದ್ಲು. ನಾಳೆ ಅಪ್ಪ ಬರ್ತಾನೆ. ನಾಡಿದ್ದು ಊರೋರು ಬಂದು ನಮ್ಮುಡುಗೀನ ಯಾಕ್ ಇಟ್ಕೊಂಡಿದ್ಯಾ ಅಂತಾರೆ. ನಂಗ್ಯಾಕೆ ಈ ಕೋಟಲೆ? ಕೀಲಿ ಕೊಟ್ಬಿಡು.” ಕೀಲಿ ಇಸಿದುಕೊಂಡ ಮೇಲೆ ಅಕ್ಕಯಮ್ಮ ಅಮ್ಮನಿಂದ ಒಂದು ಸೀರೆಯನ್ನೂ ತೆಗೆದುಕೊಂಡಳು, ನೇರಳೆ ಬಣ್ಣದ್ದು.

ತಾಯಿ ಮಗಳು ರಸ್ತೆಗಿಳಿದರು. ಸ್ನೇಹಳ ಕಂಕುಳಲ್ಲಿ ಚಾಪೆ, ಅಮ್ಮನ ತಲೆಯ ಮೇಲೆ ಗಂಟು. ಎದುರಿಗೆ ಬಂದವರೆಲ್ಲ ಚಾಪೆ ಎಲ್ಲಿಂದ ಎಂದು ಕೇಳುವವರೇ.

“ನೆಮ್ದಿ ಆಯ್ತಾ ಈಗ?” ಎಂದಳು ಸ್ನೇಹ ಅಮ್ಮನಿಗೆ. “ಚಪ್ಪಲಿ ಕಂಡ್ರೆ ಕಂಡಿಲ್ಲ ಅಂದ್ಕೊಂಡು ಹೋಗಕ್ಕಾಗ್ತಿರ್ಲಿಲ್ವಾ?”



“ಅಂದ್ಕೊಂಡೆ ಕಣೇ. ಎರಡು ಸಲ ಮುಂದಕ್ಕೋಗಿ ವಾಪಸ್ ಬಂದೆ. ಕಾಲು ಕೇಳ್ಲಿಲ್ಲ.” ಗಂಟು ಸರಿಮಾಡಿಕೊಂಡು ಕೇಳಿದಳು, “ಆ ಬಿಂದು ರೂಮಲ್ಲಿ ಮಂಚ ಐತೆ ಅಂತಿದ್ಯಲ್ಲ, ಇನ್ನೂ ಖಾಲಿ ಐತಾ?”

“ಐತೆ.”

“ಹೋಗು. ನಿಮ್ಮಪ್ಪಂಗೆ ನಾನ್ ಹೇಳ್ಕೊತೀನಿ.”

“ನಂಗೆ ಈ ಊರಲ್ಲೇ ಇರ್ಬೇಕು ಕಣಮ್ಮಾ!” ನಡುರಸ್ತೆಯಲ್ಲೇ ಸ್ನೇಹಳ ದನಿ ಒಡೆಯಿತು.

“ಗೊತ್ತು. ಇಲ್ಲಿ ಎಲ್ಲಿದ್ರೂ ನಾನ್ ಬರ್ತೀನಿ. ದೇವನಹಳ್ಳಿಯಾದ್ರೂ ಬಂದ್ಬಿಡ್ತೀನಿ, ಒಂದೇ ಬಸ್ಸು. ಅದ್ರಾಚೆ ಸಾದಹಳ್ಳಿಗೆ ಬಸ್ ಬದಲಾಯಿಸಿ ಹೋಗೋದು ನಂಗೆ ತಿಳಿಯಲ್ಲ. ನೀನು ಅಲ್ಲಿಗೇ ಹೋಗು.”

“ಬರ್ಬೇಡ ಅಂತ ನಾನ್ ಅಂದ್ನಾ ನಿಂಗೆ?”

“ನೀನ್ ಅನ್ನಲ್ಲ. ಅದ್ಕೇ ಹೇಳ್ತಿರೋದು.”

ಬೀದಿ ಮುಟ್ಟುವಾಗ ಸರಿಯಾಗಿ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಟ್ಟಿಗೆ ನಿಂತು, ಗಂಡಸರು ಹೆಂಗಸರು ಬಾಗಿಲಿಗೆ ಬಂದು ಶಾಪ ಹಾಕತೊಡಗಿದರು. ಎದುರುಮನೆಯ ಶಾಮಲಕ್ಕ ಸ್ನೇಹಳನ್ನು ನೋಡಿ, “ಏಯ್, ಕರೆಂಟ್ ಹೋಗೈತೆ, ಓಡೋಗಿ ಮಲಕ್ಕೋ ಮಗಾ!” ಎಂದು ಕೂಗಿದಳು. ಆ ಬೀದಿಗೆ ಅವಳ ನಿದ್ದೆಯ ಲೆಕ್ಕವೂ ಗೊತ್ತಿತ್ತು.

ಸ್ನೇಹ ಒಳಗೆ ಹೋಗಿ ಚಾಪೆ ಹಾಸಿದಳು. ಬಿಂದುಶ್ರೀಗೆ ‘ಬರ್ತೀನಿ’ ಎಂದು ಮೆಸೇಜು ಕಳಿಸಿ ಫೋನು ಪಕ್ಕಕ್ಕಿಟ್ಟಳು. ಗೋಡೆ ನಡುಗುತ್ತಿರಲಿಲ್ಲ, ಪಟ ನಡುಗುತ್ತಿರಲಿಲ್ಲ, ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಸದ್ದಾಗದಂತೆ ಎತ್ತಿಡುತ್ತಿದ್ದಳು. ಆದರೂ ನಿದ್ದೆ ಬರಲಿಲ್ಲ. ಈ ಹಾಳಾದ ಕರೆಂಟು ಬೇಗ ಬರಬಾರದೇ ಎಂದು ಮೊದಲ ಸಲ ಕಾಯುತ್ತಾ, ಅವಳು ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು.