ನಾಲ್ಕನೇ ದಿನದ ಲಾರಿ

ಅಗೆದ ಮರಗೆಣಸು ಮೂರು ದಿನದ ಮೇಲೆ ತಡೆಯುವುದಿಲ್ಲ, ಒಳಗೆ ಕಪ್ಪು ಗೆರೆ ಬೀಳುತ್ತದೆ. ಇದು ದೊಡ್ಡಕ್ಕನಿಗೂ ಗೊತ್ತಿತ್ತು, ಹಿಟ್ಟಿನ ಕಾರ್ಖಾನೆಯ ಏಜೆಂಟನಿಗೂ ಗೊತ್ತಿತ್ತು.

"ನಾಳೆ ಲಾರಿ ಬರುತ್ತೆ, ಇವತ್ತೇ ಅಗೆದಿಡಿ" ಎಂದು ಏಜೆಂಟ್ ಪ್ರತಿ ಸುಗ್ಗಿಗೂ ಹೇಳಿಹೋಗುತ್ತಿದ್ದ. ಲಾರಿ ಬರುತ್ತಿದ್ದುದು ನಾಲ್ಕನೇ ದಿನ. ಟೈರ್ ಪಂಚರ್, ಡ್ರೈವರಿಗೆ ಜ್ವರ, ಏನಾದರೂ ಒಂದು. ಬಂದವನು ಗೆಣಸು ಮುರಿದು, ಮೂಗು ಮುರಿದು, ಅರ್ಧ ಬೆಲೆಗೆ ತುಂಬಿಕೊಂಡು ಹೋಗುತ್ತಿದ್ದ.

ಮೂರನೇ ವರ್ಷ ದೊಡ್ಡಕ್ಕನಿಗೆ ಅನುಮಾನ ಹೊಕ್ಕಿತು. ಪ್ರತಿ ಸಲವೂ ಸರಿಯಾಗಿ ಅಗೆದ ಮೇಲೇ ಪಂಚರ್ ಆಗುವ ಟೈರು ಎಂಥದ್ದು?

"ಈ ಸಲ ಅಗೆಯೋದು ಬೇಡ. ಅಗೆದಿದ್ದೀವಿ ಅಂತ ಹೇಳಿಬಿಡೋಣ" ಎಂದಳು ನಾದಿನಿಗೆ.

"ಸಿಕ್ಕಿಹಾಕ್ಕೊಂಡ್ರೆ ಅತ್ತಿಗೆ?"

"ಯಾರು ಸಿಕ್ಕಿಹಾಕ್ಕೋತಾರೋ ನೋಡೇಬಿಡೋಣ."

ನಾಲ್ಕನೇ ದಿನ ಬೆಳಿಗ್ಗೆ ಇಬ್ಬರೂ ಒಂದೇ ಒಂದು ಸಾಲು ಅಗೆದು ರಸ್ತೆ ಬದಿಗೆ ರಾಶಿ ಹಾಕಿದರು. ಹತ್ತು ಗಂಟೆಗೆ ಲಾರಿ ಬಂತು. ಏಜೆಂಟ್ ಕೆಳಗಿಳಿಯಲೂ ಇಲ್ಲ.

"ಎಲ್ಲಾ ಕಪ್ಪಾಗಿದೆಯಲ್ಲಮ್ಮಾ!"

"ಮುರಿದು ನೋಡಣ್ಣಾ."

"ನೋಡೋದೇನು? ನಾಲ್ಕು ದಿನದ ಮಾಲು."

ದೊಡ್ಡಕ್ಕ ಕತ್ತಿ ತೆಗೆದು ಒಂದನ್ನು ಸೀಳಿದಳು. ಒಳಗೆ ಅಚ್ಚ ಬಿಳುಪು. ಪಕ್ಕದ ಹೊಲದವರೆಲ್ಲ ಕುತ್ತಿಗೆ ಚಾಚಿದರು.

"ಇವತ್ತು ಬೆಳಿಗ್ಗೆ ಅಗೆದಿದ್ದು ಇದು. ಕೊಳೀಲಿ ಅಂತಾನೇ ಲಾರಿ ನಿಲ್ಲಿಸ್ತೀಯಾ, ಅಲ್ವಾ?"

ಅವನ ಮುಖ ಇಂಗು ತಿಂದ ಮಂಗನಂತಾಯಿತು. "ಹಾಗಾದ್ರೆ ನೀವೇ ಇಟ್ಕೊಂಡು ಪೂಜೆ ಮಾಡಿ!" ಎಂದು ಲಾರಿ ಹೊರಡಿಸಿಕೊಂಡು ಹೋದ.

ಅವತ್ತಿನಿಂದ ಅತ್ತಿಗೆ ನಾದಿನಿ ಸಿಪ್ಪೆ ಸುಲಿದು, ಹೆಚ್ಚಿ, ಒಣಗಿಸಿ, ಹಿಟ್ಟು ಮಾಡಿಸತೊಡಗಿದರು. ಒಣಗಿದ ಹೋಳುಗಳಿಗೆ ಲಾರಿಯ ಹಂಗಿಲ್ಲ. ನೆರೆಯ ಹೆಂಗಸರೂ ಬಂದರು, ಆದರೆ ಅರೆಮನಸ್ಸಿನಿಂದ.

"ನಾಳೆ ಇವಳೂ ಏಜೆಂಟಮ್ಮ ಆಗಲ್ಲ ಅಂತ ಏನು ಗ್ಯಾರಂಟಿ?" ಎಂದು ಒಬ್ಬಳು ಕೇಳಿಯೇಬಿಟ್ಟಳು.

ದೊಡ್ಡಕ್ಕನಿಗೆ ಚುರುಕ್ಕೆಂದಿತು. ಆದರೂ ತಕ್ಕಡಿಯನ್ನು ಅವಳ ಮುಂದೆಯೇ ಇಟ್ಟಳು. "ತೂಗೋ ಕೆಲಸ ನಿಂದು, ತಾಯಿ."

ಸುಗ್ಗಿ ಮುಗಿದ ಮೇಲೆ ಸರ್ಕಾರಿ ಸಾಹೇಬರೊಬ್ಬರು ಫಾರಂ ಹಿಡಿದು ಬಂದರು.

"ಹಿಟ್ಟು ಮಾಡೋಕೆ ನಿಮಗೆ ಪ್ರೇರಣೆ ಏನಮ್ಮಾ? ತರಬೇತಿನಾ, ಸಾಲಾನಾ, ಓದಾ?"

"ಮೋಸ ಸ್ವಾಮಿ."

"ಆ ಕಾಲಂ ಇಲ್ಲಮ್ಮಾ." ಸಾಹೇಬರು ತರಬೇತಿ ಎಂಬಲ್ಲಿ ಟಿಕ್ ಹಾಕಿ, ಸಹಿಗೆಂದು ಕಾಗದ ಚಾಚಿದರು.

ತಮಗೆ ತರಬೇತಿ ಕೊಟ್ಟವರು ಯಾರು? ಕೊಟ್ಟೆವೆಂದು ದುಡ್ಡು ಎತ್ತಿದವರು ಯಾರು? ದೊಡ್ಡಕ್ಕ ಪೆನ್ನು ತೆಗೆದುಕೊಂಡಳು. ಟಿಕ್ಕನ್ನು ಹೊಡೆದುಹಾಕಿ, ಅಂಚಿನಲ್ಲಿ ಏಜೆಂಟನ ಹೆಸರನ್ನು ದಪ್ಪಗೆ ಬರೆದು, ಅದರ ಕೆಳಗೆ ಸಹಿ ಹಾಕಿದಳು.

"ಏನಮ್ಮಾ ಇದು, ಫಾರಂ ಹಾಳಾಯ್ತಲ್ಲ!"

"ಕೊಡಿಲ್ಲಿ, ನಾನೂ ಹಾಕ್ತೀನಿ" ಎಂದು ತಕ್ಕಡಿಯವಳು ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು ಮುಂದೆ ಬಂದಳು. ಅವಳ ಹಿಂದೆ ಉಳಿದವರೂ ಎದ್ದರು.