ಟೀಚರ್ ನಂಬರಿಗೆ ಬಂದ ಸೀಟು

ಸಂತೆಕಲ್ಲೂರಿನ ನಾಯಕರ ಓಣಿಯಲ್ಲಿ ಸೈನ್ಸ್ ತಗೊಂಡು ಪಿಯುಸಿ ಪಾಸಾದ ಮೊದಲ ಹುಡುಗಿ ದುರ್ಗಾದೇವಿ. ಅವಳಿಗೆ ಬೇಕಿದ್ದದ್ದು ಒಂದೇ, ರಾಯಚೂರಿನಲ್ಲಿ ಬಿ.ಎಸ್ಸಿ ಕೃಷಿ. ಆ ಆಸೆ ಹಚ್ಚಿದವರು ಮಸ್ಕಿಯ ಶೇಖರಮ್ಮ ಟೀಚರ್, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು.

"ಯಮನೂರ, ನಿನ್ನ ಮಗಳನ್ನ ನನ್ನ ಕೈಯಾಗ ಕೊಡು. ಆಕೀನ್ನ ಆಫೀಸರ್ ಮಾಡೇ ಬಿಡತೀನಿ," ಎಂದು ಅವಳ ಅಪ್ಪನಿಗೆ ಹೇಳಿದ್ದರು. ಕಲಿಸಿದರು ಕೂಡ, ಸುಳ್ಳು ಯಾಕೆ ಹೇಳಬೇಕು! ಎರಡು ವರ್ಷ ದಿನಾ ಸಂಜೆ ಕಾಲೇಜು ಬಿಟ್ಟ ಕೂಡಲೇ ಅವರ ಮನೆ. ರೈತರ ಮಕ್ಕಳ ಕೋಟಾದಲ್ಲಿ ಬೀಜ ಗುರುತಿಸುವ ಪರೀಕ್ಷೆ ಇರುತ್ತದೆಂದು ಚಹಾದ ಬಸಿಗಳಲ್ಲಿ ಬೀಜ ಹಾಕಿ ಮುಂದಿಡುತ್ತಿದ್ದರು. ಜೋಳ, ತೊಗರಿ, ಕುಸುಬೆ ಯಾವುದಿದ್ದರೂ ಮುಟ್ಟಿದ ಕೂಡಲೇ ಹೇಳುವ ಹುಡುಗಿ ಇಂಗ್ಲಿಷ್ ಹೆಸರಿಗೆ ತಡವರಿಸಿದರೆ, "ಬೀಜ ನಿನಗ ಗೊತ್ತೈತಿ, ಹೆಸರು ನಾ ಕಲಿಸ್ತೀನಿ ಬಾ," ಎಂದು ನಗುತ್ತಿದ್ದರು.

ಅರ್ಜಿಗೆ ಫೋನ್ ನಂಬರ್ ಬೇಕಿತ್ತು. ಅಪ್ಪನ ಫೋನ್ ಅವನ ಜೊತೆ ಗೊರೇಬಾಳದ ಗದ್ದೆಗೆ ನಾಟಿ ಹಚ್ಚಲು ಹೋಗಿಬಿಡುತ್ತಿತ್ತು, ತಿಂಗಳಲ್ಲಿ ಅರ್ಧದಷ್ಟು ದಿನ ಅದರಲ್ಲಿ ಕರೆನ್ಸಿಯೇ ಇರುತ್ತಿರಲಿಲ್ಲ. "ನನ್ನ ನಂಬರ್ ಹಾಕವಾ," ಎಂದರು ಟೀಚರ್. ನಮ್ಮ ಕಡೆ ಯಾರು ಹಾಗೆ ಮಾಡುವುದಿಲ್ಲ ಹೇಳಿ? ರೇಷನ್ನಿಗೆ, ಗ್ಯಾಸಿಗೆ, ಸ್ಕಾಲರ್‌ಶಿಪ್ಪಿಗೆ, ಯಾರ ಫೋನ್ ಚಾಲೂ ಇರುತ್ತದೋ ಅವರದೇ ನಂಬರ್.

ಸಂಕ್ರಾಂತಿಯ ಹೊತ್ತಿಗೆ ಟೀಚರ ಮುದಿತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಅಂದಿನಿಂದ ಮುದುಕಿಯನ್ನು ಹೊರಳಿಸುವುದು, ಉಣಿಸುವುದು, ಬಟ್ಟೆ ಒಗೆಯುವುದು ಎಲ್ಲಾ ದುರ್ಗಾದೇವಿಯೇ. ಯಾರೂ ಮಾಡೆಂದು ಹೇಳಲಿಲ್ಲ. ಇಷ್ಟು ಕಲಿಸಿದವರಿಗೆ ಇಷ್ಟೂ ಮಾಡದಿದ್ದರೆ ಹೇಗೆ ಎಂದು ಅವಳೇ ಮಾಡಿದಳು.

ಸೀಟು ಹಂಚುವ ದಿನ ಬಂತು, ಹೋಯಿತು. ದಿನಾ ಕೇಳುತ್ತಿದ್ದಳು. "ಮೆಸೇಜ್ ಬಂತೇನ್ರಿ ಟೀಚರ್?"

"ಇಲ್ಲವಾ. ಬಂದ್ರ ಹೇಳಂಗಿಲ್ಲೇನು ನಾನು?"

ಒಂಬತ್ತನೇ ದಿನ ಸ್ಕಾಲರ್‌ಶಿಪ್ ಅರ್ಜಿಗೆಂದು ಹುಸೇನ್‌ಸಾಬನ ಆನ್‌ಲೈನ್ ಅಂಗಡಿಗೆ ಹೋದಳು. ಅವನು ಅವಳ ಸೀಟಿನ ಅರ್ಜಿ ನಂಬರನ್ನೂ ಹಾಕಿ ನೋಡಿ ಹಣೆ ಬಡಿದುಕೊಂಡ. "ಯಾ ಅಲ್ಲಾ! ರಾಯಚೂರಾಗ ಸೀಟ್ ಸಿಕ್ಕಿತ್ತಲ್ಲವಾ ನಿನಗ! ಒಪ್ಪಿಗಿ ಕೊಡಾಕ ನಿನ್ನೆಗಿ ಕೊನಿ. ಮೂರು ಸಲ ಮೆಸೇಜ್ ಹೋಗ್ಯಾವ, ಯಾಕ ಬರಲಿಲ್ಲ ನೀ?"

ದುರ್ಗಾದೇವಿ ಟೀಚರ ಮನೆಗೆ ಹೇಗೆ ಬಂದಳೋ ಅವಳಿಗೇ ತಿಳಿಯದು. ಟೀಚರ್ ಮೊದಲು ಮೆಸೇಜ್ ನೋಡೇ ಇಲ್ಲ ಅಂದರು, ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡು ಅತ್ತರು.

"ನೀ ಹೋದ್ರ ನಮ್ಮವ್ವನ್ನ ಯಾರು ನೋಡ್ತಾರ? ಕೆಲಸದಾಕಿ ಇಬ್ರು ಬಂದ್ರು, ನಾಕು ದಿನಾನೂ ನಿಲ್ಲಲಿಲ್ಲ. ಒಂದೇ ವರ್ಷ ದುರ್ಗವ್ವ. ಲಿಂಗಸುಗೂರಾಗ ಬಿ.ಎ.ಗೆ ಹೆಸರು ಹಚ್ಚಿಸ್ತೀನಿ, ಇಲ್ಲಿಂದಾನ ಹೋಗಿ ಬಾ."

ನಂಬಿಸಿ ಕುತ್ತಿಗೆ ಕೊಯ್ಯುವುದೆಂದರೆ ಇದೇ ಅಲ್ಲವೇ? ಹಗೆಯವರು ಮಾಡಿದ್ದರೆ ಬೈದು ಹಗುರಾಗಬಹುದಿತ್ತು. ಅಕ್ಷರ ಅಕ್ಷರ ಕಲಿಸಿದ ಬಾಯಿಗೆ ಏನೆಂದು ಬೈಯುವುದು?

ಅಷ್ಟರಲ್ಲಿ ಬಾಗಿಲಲ್ಲಿ ಯಮನೂರ ನಿಂತಿದ್ದ, ಹೆಗಲ ಮೇಲೆ ಹೊಸ ಹೆಸರುಕಾಳಿನ ಚೀಲ. ಈ ವರ್ಷ ಸೀಟು ಬರಲಿಲ್ಲ, ಮುಂದಿನ ವರ್ಷ ಮತ್ತೆ ಕಲಿಸುತ್ತೇನೆಂದು ಟೀಚರೇ ಬೆಳಿಗ್ಗೆ ಅವನಿಗೆ ಫೋನ್ ಮಾಡಿದ್ದರಂತೆ. ಚೀಲ ಇಳಿಸಿದವನೇ ಟೀಚರ ಕಾಲಿಗೆ ಬಾಗಿದ. ಟೀಚರ್ ಕಾಲು ಹಿಂದಕ್ಕೆ ತೆಗೆಯಲಿಲ್ಲ.

ದುರ್ಗಾದೇವಿ ಅಪ್ಪನ ರಟ್ಟೆ ಹಿಡಿದು ಜಗ್ಗಿದಳು. "ಏಳಪ್ಪ! ಆಕಿ ಕಾಲಿಗಿ ಬೀಳಬ್ಯಾಡ. ಸೀಟ್ ಬಂದಿತ್ತು. ಈಕೀನ ಮುಚ್ಚಿಟ್ಟಾಳ!"

ಯಮನೂರ ಮಗಳ ಮುಖ ನೋಡಿದ, ಟೀಚರ ಮುಖ ನೋಡಿದ. ಆಮೇಲೆ ಎರಡೂ ಕೈ ಜೋಡಿಸಿದ.

"ತಪ್ಪಾತ್ರಿ ಅಕ್ಕಾರ. ಸೀಟ್ ಸಿಗಲಿಲ್ಲಂತ ಸಂಕಟಕ್ಕ ಏನೇನೋ ಅನ್ನಾಕತ್ತೈತಿ ಹುಡುಗಿ. ಹೊಟ್ಯಾಗ ಹಾಕ್ಕೋರಿ."

ಶೇಖರಮ್ಮ ಟೀಚರ್ ಕಣ್ಣೊರೆಸಿಕೊಂಡರು.

"ಇರಲಿ ಬಿಡು ಯಮನೂರ," ಎಂದರು. "ನಮ್ಮ ಹುಡುಗೀನ ಅಲ್ಲೇನು."