ಎನಿಡ್ ಕೇಳಬಾರದಿತ್ತು

1.

ಹೊರಟಲ್ಲಿಗೇ ವಾಪಸ್ ಬರುವ ನಡಿಗೆಯ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಎಲ್ಲಿಂದ ಮಾಡಿದರೂ ನಡೆಯುತ್ತದೆ, ಅದೇ ತೊಂದರೆ. ಸೇತುವೆಯಿಂದ ಶುರು ಮಾಡಿದೆ, ಅಳಿಸಿದೆ. ಹೊಳೆಯ ಮೇಲಿನ ಮಂಜಿನಿಂದ ಶುರು ಮಾಡಿ, ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಫೋನ್ ತೆಗೆದು ಓದಿ, ನನಗೇ ನಾಚಿಕೆಯಾಗಿ ಅದನ್ನೂ ಅಳಿಸಿದೆ. (ಮಂಜು ಇರಲೂ ಇಲ್ಲ. ಮೋಡ ಇತ್ತು, ಅಷ್ಟೇ.)

ಬೀಗದಿಂದ ಶುರು ಮಾಡುತ್ತೇನೆ.

2.

ಲಗ್ ಹೊಳೆಯ ದಂಡೆಯ ಕೊನೆಯ ಹೊಲ. ಗೇಟಿಗೆ ಹೊಸ ಬೀಗ, ಪಕ್ಕದಲ್ಲಿ ಹೊಸ ಬೋರ್ಡು: ಖಾಸಗಿ ಜಾಗ. ಅದರ ಮುಂದೆ ಎನಿಡ್. ವಯಸ್ಸು ಎಪ್ಪತ್ತನಾಲ್ಕು, ಶಾಲೆಯ ಅಡುಗೆಮನೆಯಿಂದ ನಿವೃತ್ತಿ. ಭಾನುವಾರ ಬಂತೆಂದರೆ ಐದು ಮೈಲಿಯ ಈ ಸುತ್ತು. ಗಂಡ ತೀರಿಕೊಂಡ ವಾರವೂ ತಪ್ಪಿಸಿರಲಿಲ್ಲ. ಜೊತೆಗಿದ್ದವರು ಪಕ್ಕದ ಮನೆಯ ಕ್ಲೈವ್, ಊರಿನ ನಡಿಗೆ ಸಂಘದ ಕಾರ್ಯದರ್ಶಿ.

"ಹತ್ತಿ ದಾಟೋಣ್ವಾ?" ಎಂದರು ಕ್ಲೈವ್.

"ನಿನ್ನ ಮಂಡಿನ ಒಂದ್ಮಾತು ಕೇಳ್ಬಿಟ್ಟು ಹೇಳು."

ಹೊಲ ತಪ್ಪಿಸಿ ಊರು ಸೇರಲು ಇರುವುದು ಲಾರಿ ಓಡಾಡುವ ರಸ್ತೆ ಒಂದೇ. ಅಂಚಿನಲ್ಲಿ ಕಾಲಿಡಲೂ ಜಾಗವಿಲ್ಲ. ಇಬ್ಬರೂ ಬಂದ ದಾರಿಯಲ್ಲೇ ವಾಪಸ್ ನಡೆದರು. ಅದೇ ಕುರಿಗಳು, ಅದೇ ಕೆಸರು, ಈಗ ಎದುರಿನಿಂದ.

(ಇಲ್ಲಿ ಹೊಳೆಯ ವರ್ಣನೆ ಬೇಕೆನ್ನುವವರು ತಾವೇ ಹಾಕಿಕೊಳ್ಳಬಹುದು. ಹೊಳೆ ಕಂದು ಬಣ್ಣದ್ದು.)

3.

ಪಬ್ಬಿನ ಹೊರಗಿನ ಬೆಂಚಿನಲ್ಲಿ ಕೂತು ಕ್ಲೈವ್ ಚೀಲದಿಂದ ಕೌನ್ಸಿಲ್ಲಿನ ಅರ್ಜಿ ತೆಗೆದರು.

ಇಲ್ಲಿನ ಕಾನೂನು ಹೀಗಿದೆ. ಯಾರದೋ ಹೊಲದಲ್ಲಿ ಜನ ಇಪ್ಪತ್ತು ವರ್ಷ ರಾಜಾರೋಷವಾಗಿ, ಯಾರನ್ನೂ ಕೇಳದೆ ನಡೆದಿದ್ದರೆ ಆ ದಾರಿ ಊರಿನದಾಗುತ್ತದೆ. ಅಪ್ಪಣೆ ಪಡೆದು ನಡೆದಿದ್ದರೆ ಆಗುವುದಿಲ್ಲ. ಸಂಘದಲ್ಲಿ ಇಪ್ಪತ್ತು ವರ್ಷ ಈ ದಾರಿ ನಡೆದವರು ಎನಿಡ್ ಒಬ್ಬರೇ. ಹಳಬರು ಮಣ್ಣು ಸೇರಿದ್ದರು, ಉಳಿದವರೆಲ್ಲ ಮೊನ್ನೆ ಮೊನ್ನೆ ಬಂದವರು.

ಕ್ಲೈವ್ ಓದುತ್ತಾ ಹೋದರು, ಎನಿಡ್ ಬರೆಯುತ್ತಾ ಹೋದರು. ಒಂಬತ್ತನೆಯ ಪ್ರಶ್ನೆಗೆ ಪೆನ್ನು ನಿಂತಿತು.

"ಯಾವತ್ತಾದ್ರೂ ಹೊಲದ ಯಜಮಾನರ ಅಪ್ಪಣೆ ಕೇಳಿದ್ರಾ? ಇಲ್ಲ ಅಂತ ಹಾಕು. ಮುಂದೆ…"

"ಕೇಳಿದ್ದೆ."

"ಏನು?"

"ಪ್ರಾಸರ್ ಇದ್ನಲ್ಲ, ಹಳೇ ಯಜಮಾನ. ಅವನಿಗೆ ಒಂದು ಬಾಟ್ಲಿ ಕಿತ್ತಳೆ ಮಾರ್ಮಲೇಡ್ ಕೊಟ್ಟು, ನಿಮ್ಮ ಹೊಲದಲ್ಲಿ ನಡೆದ್ರೆ ಬೇಜಾರಿಲ್ಲ ತಾನೇ ಅಂತ ಕೇಳಿದ್ದೆ. ಇಲ್ಲಿ ನಡೆಯೋಕೆ ಶುರು ಮಾಡಿದ ಹೊಸದರಲ್ಲಿ."

"ಯಾಕೆ ಮಾರಾಯ್ತಿ? ಯಾರು ಕೇಳು ಅಂದಿದ್ರು?"

"ಕೇಳ್ದೆ ಹೇಗಪ್ಪಾ ನಡೆಯೋದು? ಸರಿಯಾಗಿರಲ್ವಲ್ಲ."

ಕ್ಲೈವ್ ಮುಖ ಮುಚ್ಚಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, "ಪ್ರಾಸರ್ ಸತ್ತು ಆರು ವರ್ಷ. ಇದು ಗೊತ್ತಿರೋದು ನಿನಗೆ, ನನಗೆ" ಎಂದರು. ಎದ್ದು ಒಳಗೆ ಬಿಯರ್ ತರಲು ಹೋದರು. ಬೇಕೆಂದೇ ನಿಧಾನವಾಗಿ ಹೋದರು.

4.

ನನಗೂ ಗೊತ್ತು. ನಿಮಗೂ ಈಗ ಗೊತ್ತಾಯಿತು. ಸುಮ್ಮನಿರೋಣ.

ಮುಗಿತಾಯ ಅ: ಎನಿಡ್ 'ಇಲ್ಲ' ಎಂದು ಬರೆಯುತ್ತಾರೆ. ಬೀಗ ಹೋಗುತ್ತದೆ, ಬ್ಯಾಂಡ್ ಬಾರಿಸುತ್ತದೆ.

"ನಾನು ಸುಳ್ಳು ಬರೆಯಲ್ಲ ಮರಿ" ಎಂದರು ಎನಿಡ್, ಬೆಂಚಿನಿಂದಲೇ, ನನಗೆ.

ಮುಗಿತಾಯ ಆ: 'ಹೌದು' ಎಂದು ಬರೆಯುತ್ತಾರೆ. ದಾರಿ ಹೋಗುತ್ತದೆ.

"ಅದೂ ಬೇಡ. ಊರಿನವರೆಲ್ಲ ನನ್ನ ಮುಖ ನೋಡ್ತಾರೆ."

ಮುಗಿತಾಯ ಇ: ಹೊಸ ಯಜಮಾನನ ಮನಸ್ಸು ತಾನಾಗಿ ಕರಗುತ್ತದೆ.

"ಕಾಲೇಜಲ್ಲಿ ಇದನ್ನೇ ಹೇಳ್ಕೊಡ್ತಾರಾ?"

(ಇ ಅಳಿಸಿದೆ.)

5.

ಆಗ ಹೊಳೆಯಿತು. ಹೆಬ್ಬೆರಳು ನೋಯುವಷ್ಟು ಜೋರಾಗಿ ಟೈಪ್ ಮಾಡಿದೆ:

ಪ್ರಾಸರ್ ಬಾಟ್ಲಿ ತಗೊಂಡು ನಕ್ಕ. "ನನ್ನನ್ನ ಯಾಕಮ್ಮಾ ಕೇಳ್ತೀಯ? ಆ ದಾರಿ ನಂದಲ್ಲ. ನಮ್ಮಜ್ಜನ ಕಾಲದಿಂದ ಊರಿಂದೇ ಅದು" ಅಂದ.

ನೋಡಿದಿರಾ? ಕೇಳಿದ್ದು ನಿಜ, ಆದರೆ ಅಪ್ಪಣೆ ಸಿಗಲಿಲ್ಲ. ದಾರಿ ಊರಿನದೆಂದು ಯಜಮಾನನೇ ಒಪ್ಪಿಕೊಂಡ ಹಾಗಾಯಿತು. ಎನಿಡ್ ಧೈರ್ಯವಾಗಿ 'ಹೌದು' ಬರೆದು, ಕೆಳಗಿನ ಖಾಲಿ ಗೆರೆಗಳಲ್ಲಿ ಈ ಮಾತು ಸೇರಿಸಿದರೆ ಮುಗಿಯಿತು. ಇಷ್ಟು ಚೆನ್ನಾಗಿ ನಾನು ಇದುವರೆಗೆ ಏನೂ ಬರೆದಿಲ್ಲ.

"ಅವನು ಹಾಗೆ ಅನ್ಲಿಲ್ಲ" ಎಂದರು ಎನಿಡ್.

ಮತ್ತೇನಂದರು?

"ನೆನಪಿಲ್ಲ. ಅವನ ನಾಯಿ ನನ್ನ ಬೂಟು ನೆಕ್ತಾ ಇದ್ದದ್ದು ನೆನಪಿದೆ."

ನೆನಪಿಲ್ಲ ಅಂದಮೇಲೆ ಅಂದಿರಲೂಬಹುದಲ್ಲ?

ಎನಿಡ್ ಪೆನ್ನನ್ನು ಬೆಂಚಿನ ಮೇಲಿಟ್ಟರು.

"ಇನ್ನೊಂದ್ಸಲ ಓದು" ಎಂದರು.

ಓದಿದೆ.

"ಅವನು 'ಅಮ್ಮಾ' ಅಂತಿರ್ಲಿಲ್ಲ. 'ಎನಿಡ್' ಅಂತಿದ್ದ. ನಗ್ತಾನೂ ಇರ್ಲಿಲ್ಲ ಆ ಮನುಷ್ಯ."

ತಿದ್ದಿದೆ. ನಗು ತೆಗೆದೆ. ಅಜ್ಜನನ್ನು ಅಪ್ಪ ಮಾಡಿದೆ. ಈಗ ಅದು ಪ್ರಾಸರ್ ಮಾತಿನ ಹಾಗೇ ಕೇಳಿಸುತ್ತಿತ್ತು.

"ಹೂಂ. ಇನ್ನೊಂದ್ಸಲ."

ಓದಿದೆ. ಎನಿಡ್ ಕಣ್ಣು ಮುಚ್ಚಿ, ತುಟಿ ಆಡಿಸುತ್ತಾ ಕೇಳಿಸಿಕೊಂಡರು, ಮರೆತುಹೋದದ್ದು ಮೆಲ್ಲಗೆ ನೆನಪಾಗುತ್ತಿರುವವರ ಹಾಗೆ. ಕೈ ಪೆನ್ನನ್ನು ತಡಕಿತು.

ಕುರಿಗಳು ತಪ್ಪಿಸಿಕೊಂಡಾವೆಂದು ಇಪ್ಪತ್ತು ವರ್ಷದಲ್ಲಿ ಒಂದು ಗೇಟನ್ನೂ ತೆರೆದಿಟ್ಟು ಹೋಗದ ಹೆಂಗಸು. ಸತ್ತವನ ಬಾಯಿಗೆ ಮಾತು ತುರುಕಿದ್ದು ನಾನು.

"ಮರಿ, ಒಂದೇ ಒಂದ್ಸಲ. ಈ ಸಲ ಸರಿಯಾಗಿ ನೆನಪಾಗುತ್ತೆ."

ಕ್ಲೈವ್ ಎರಡು ಗ್ಲಾಸು ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಎನಿಡ್ ನನಗಾಗಿ ಕಾಯುತ್ತಿದ್ದಾರೆ.

ನಾನು ಓದುತ್ತಿಲ್ಲ.